ಒಂದು ನಕ್ಷತ್ರಕ್ಕೆ ಎಷ್ಟು ಸೆಕೆಂಡು?

ಮದುವೆಯಲ್ಲಿ ಪುರೋಹಿತರು ವಧೂವರರನ್ನು ಹೊರಗೆ ಕರೆತಂದು, ಆಕಾಶದತ್ತ ಕೈಮಾಡಿ, ಧ್ರುವ ನಕ್ಷತ್ರವನ್ನೂ ಅರುಂಧತಿಯನ್ನೂ ತೋರಿಸುವ ಶಾಸ್ತ್ರವಿದೆ. ಎಷ್ಟೋ ಮುಹೂರ್ತಗಳು ಹಗಲಿನಲ್ಲೇ ಇರುವುದರಿಂದ ನಕ್ಷತ್ರ ಕಾಣುವುದಿಲ್ಲ. ಕಂಡೆವೆಂದು ತಲೆಯಾಡಿಸಿ ಒಳಗೆ ಬರುತ್ತಾರೆ. ಧ್ರುವ ಎಂದರೆ ಅಲುಗದ್ದು, ಬದಲಾಗದ್ದು. ಸಂಸಾರವೂ ಹಾಗೇ ಇರಲಿ ಎಂಬುದು ಹಾರೈಕೆ.

ಆದರೆ ಧ್ರುವ ನಕ್ಷತ್ರದ ಬೆಳಕು ಸುಮಾರು ನಾಲ್ಕು ದಿನಕ್ಕೊಮ್ಮೆ ತುಸು ಹೆಚ್ಚಿ ತುಸು ಕುಗ್ಗುತ್ತದೆ. ಬರಿಗಣ್ಣಿಗೆ ಗೊತ್ತಾಗದಷ್ಟು ಸಣ್ಣ ವ್ಯತ್ಯಾಸ ಅದು. 1911ರಲ್ಲಿ ಡೆನ್ಮಾರ್ಕಿನ ಐನಾರ್ ಹರ್ಟ್ಸ್‌ಸ್ಪ್ರುಂಗ್ ಛಾಯಾಚಿತ್ರಗಳನ್ನು ಅಳೆದು ಅದನ್ನು ಖಚಿತಪಡಿಸಿದರು. ಹೀಗೆ ಬೆಳಕು ಬದಲಾಗುವ ನಕ್ಷತ್ರಗಳನ್ನು ಕನ್ನಡದ ಖಗೋಳ ಬರಹಗಳಲ್ಲಿ ರೂಪವಿಕಾರಿ ನಕ್ಷತ್ರಗಳು ಎನ್ನುತ್ತಾರೆ. ಬದಲಾಗುವುದು ರೂಪವಲ್ಲ, ಕಾಂತಿ. ಆದರೂ ಹೆಸರು ನಿಂತುಬಿಟ್ಟಿದೆ.

ಇಂಥ ನಕ್ಷತ್ರವನ್ನು ಅರಿಯುವ ದಾರಿ ಸರಳ. ಇಂದು ಎಷ್ಟು ಬೆಳಗುತ್ತಿದೆ, ನಾಳೆ ಎಷ್ಟು, ನಾಡಿದ್ದು ಎಷ್ಟು ಎಂದು ಬರೆದಿಡುತ್ತಾ ಹೋಗಬೇಕು. ಅಡ್ಡಕ್ಕೆ ಕಾಲ, ಉದ್ದಕ್ಕೆ ಬೆಳಕು ಎಂದು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ಒಂದು ರೇಖೆ ಮೂಡುತ್ತದೆ. ಇದೇ ಲೈಟ್ ಕರ್ವ್, ಕಾಂತಿರೇಖೆ. ಒಂದು ನಕ್ಷತ್ರದ ರೇಖೆ ಓದುವುದು ಕಷ್ಟವಲ್ಲ. ಲಕ್ಷ ನಕ್ಷತ್ರಗಳ ರೇಖೆಗಳು ಒಟ್ಟಿಗೆ ಬಂದು ಕೂತರೆ ಅವನ್ನು ಓದುವವರು ಯಾರು, ಒಂದೊಂದಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಓದಿ ಕಂಡುಕೊಂಡದ್ದು ಯಾರ ಹೆಸರಿಗೆ ಬರೆಯಲಾಗುತ್ತದೆ? ರೂಪವಿಕಾರಿ ನಕ್ಷತ್ರಗಳ ಚರಿತ್ರೆ ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳ ಚರಿತ್ರೆ.

ಬರಿಗಣ್ಣಿನ ಕಾಲ

1596ರಲ್ಲಿ ಜರ್ಮನ್ ಪಾದ್ರಿ ಡೇವಿಡ್ ಫ್ಯಾಬ್ರಿಷಿಯಸ್ ತಿಮಿಂಗಿಲ ರಾಶಿಯಲ್ಲಿ ಒಂದು ನಕ್ಷತ್ರ ಕಂಡು, ಆಮೇಲೆ ಅದು ಮರೆಯಾದದ್ದನ್ನು ಗುರುತಿಸಿದರು. ಅದು ಹನ್ನೊಂದು ತಿಂಗಳಿಗೊಮ್ಮೆ ಮರಳಿ ಬರುತ್ತದೆಂದು ತಿಳಿಯಲು ನಾಲ್ಕು ದಶಕ ಬೇಕಾಯಿತು. ಅದಕ್ಕೆ ಮೀರಾ, ಅಂದರೆ ಅಚ್ಚರಿಯದು, ಎಂಬ ಹೆಸರು ಬಂತು.

1780ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಜಾನ್ ಗುಡ್ರಿಕ್ ಎಂಬ ಕಿವುಡ ಹುಡುಗ ಕಿಟಕಿಯಿಂದ ಅಲ್ಗಾಲ್ ನಕ್ಷತ್ರವನ್ನು ರಾತ್ರಿಯ ಮೇಲೆ ರಾತ್ರಿ ನೋಡಿದ. ಎರಡು ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಮಂಕಾಗಿ ಮತ್ತೆ ಬೆಳಗುತ್ತದೆಂದು ಲೆಕ್ಕ ಹಾಕಿದ. ಕಪ್ಪನೆಯ ಇನ್ನೊಂದು ಕಾಯ ಅದಕ್ಕೆ ಅಡ್ಡ ಬರುತ್ತಿರಬೇಕು ಎಂದು ಊಹಿಸಿದ. ಆ ಊಹೆ ಸರಿಯೆಂದು ರುಜುವಾತಾದದ್ದು ನೂರು ವರ್ಷಗಳ ನಂತರ. ರಾಯಲ್ ಸೊಸೈಟಿ 1783ರಲ್ಲಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. 1784ರಲ್ಲಿ ಸೆಫಿಯಸ್ ರಾಶಿಯ ಡೆಲ್ಟಾ ನಕ್ಷತ್ರವೂ ಬದಲಾಗುತ್ತದೆಂದು ಅವನು ಗುರುತಿಸಿದ. ಎರಡು ವರ್ಷದ ಬಳಿಕ, 21ನೇ ವಯಸ್ಸಿಗೆ, ತೀರಿಕೊಂಡ.

ಗುಡ್ರಿಕ್‌ಗೆ ಒಂದು ನಕ್ಷತ್ರಕ್ಕಾಗಿ ತಿಂಗಳುಗಟ್ಟಲೆ ರಾತ್ರಿಗಳಿದ್ದವು. ನಕ್ಷತ್ರಗಳ ಪಟ್ಟಿ ಬೆಳೆದ ಹಾಗೆ ಒಬ್ಬರ ಕಣ್ಣು ಸಾಲದಾಯಿತು. 1844ರಲ್ಲಿ ಜರ್ಮನಿಯ ಫ್ರೀಡ್ರಿಕ್ ಆರ್ಗೆಲಾಂಡರ್ ಹವ್ಯಾಸಿಗಳಿಗೆ ಬಹಿರಂಗ ಕರೆ ಕೊಟ್ಟರು. ಅವರು ಕಲಿಸಿದ ವಿಧಾನಕ್ಕೆ ಯಾವ ಉಪಕರಣವೂ ಬೇಡ. ಬದಲಾಗುವ ನಕ್ಷತ್ರದ ನೆರೆಯಲ್ಲಿ ಅದಕ್ಕಿಂತ ತುಸು ಪ್ರಕಾಶದ ಒಂದು, ತುಸು ಮಂಕಾದ ಒಂದು, ಹೀಗೆ ಎರಡು ಸ್ಥಿರ ನಕ್ಷತ್ರಗಳನ್ನು ಆರಿಸಿ, ಇವೆರಡರ ನಡುವೆ ಎಷ್ಟನೇ ಮೆಟ್ಟಿಲಲ್ಲಿದೆ ಎಂದು ಅಂದಾಜು ಮಾಡಿ ಬರೆದಿಟ್ಟರೆ ಸಾಕು. 1911ರಲ್ಲಿ ಅಮೆರಿಕದಲ್ಲಿ ಹುಟ್ಟಿದ ರೂಪವಿಕಾರಿ ನಕ್ಷತ್ರ ವೀಕ್ಷಕರ ಸಂಘ ಈ ದಾರಿಯಲ್ಲೇ ನಡೆಯಿತು. ಅದರ ಭಂಡಾರದಲ್ಲಿ ಇಂದು ಕೋಟಿಗಟ್ಟಲೆ ವೀಕ್ಷಣೆಗಳಿವೆ.

ಈ ಕಥೆಯ ಒಂದು ಎಳೆ ಮದ್ರಾಸಿಗೂ ಬರುತ್ತದೆ. ಈಗಲೂ ಬಳಕೆಯಲ್ಲಿರುವ ನಕ್ಷತ್ರ ಕಾಂತಿಯ ಅಳತೆಗೋಲನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಮುಖ್ಯಸ್ಥರಾಗಿ ಬಂದರು. ಅಲ್ಲಿನ ಸಹಾಯಕ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ದಕ್ಷಿಣಾಕಾಶದ ರೆಟಿಕ್ಯುಲಮ್ ರಾಶಿಯ ನಕ್ಷತ್ರವೊಂದು ಬದಲಾಗುತ್ತಿರುವುದನ್ನು ಕಂಡುಹಿಡಿದರು. ಆರ್ ರೆಟಿಕ್ಯುಲೈ ಎಂಬ ಆ ನಕ್ಷತ್ರದ ಶೋಧ ಅವರ ಹೆಸರಿನಲ್ಲೇ ದಾಖಲಾಗಿದೆ. 1874ರ ಶುಕ್ರ ಸಂಕ್ರಮಣದ ಹೊತ್ತಿಗೆ ಜನಸಾಮಾನ್ಯರಿಗಾಗಿ ಪುಸ್ತಿಕೆ ಬರೆದು, ಅದನ್ನು ಇಂಗ್ಲಿಷಿನ ಜೊತೆಗೆ ಭಾರತೀಯ ಭಾಷೆಗೂ ತಂದವರು ಇವರೇ. ಸಹಾಯಕನ ಹೆಸರು ಶೋಧದ ಜೊತೆ ಉಳಿಯುವುದು ಆ ಕಾಲದ ವಾಡಿಕೆಯೇನೂ ಆಗಿರಲಿಲ್ಲ. ಮುಂದಿನ ಘಟ್ಟ ಅದನ್ನು ಚೆನ್ನಾಗಿ ತೋರಿಸುತ್ತದೆ.

ಗಾಜಿನ ಮೇಲಿನ ಆಕಾಶ

ಛಾಯಾಚಿತ್ರ ಬಂದ ಮೇಲೆ ನಕ್ಷತ್ರ ನೋಡುವುದಕ್ಕೂ ರಾತ್ರಿಗೂ ಇದ್ದ ನಂಟು ಕಡಿಯಿತು. ರಾತ್ರಿ ತೆಗೆದ ಗಾಜಿನ ಫಲಕವನ್ನು ಹಗಲಲ್ಲಿ ಕೂತು ನೋಡಬಹುದಾಯಿತು. ಹಾರ್ವರ್ಡ್ ವೀಕ್ಷಣಾಲಯ ಉತ್ತರ, ದಕ್ಷಿಣ ಎರಡೂ ಆಕಾಶಗಳ ಫಲಕಗಳನ್ನು ಒಟ್ಟುಮಾಡುತ್ತಾ ಹೋಗಿ, ನೂರು ವರ್ಷಗಳಲ್ಲಿ 5 ಲಕ್ಷದಷ್ಟು ಸಂಗ್ರಹಿಸಿತು. ಒಂದೊಂದು ಫಲಕದ ಮೇಲೂ ಸಾವಿರಾರು ಚುಕ್ಕಿಗಳು. ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಇವನ್ನು ಅಳೆಯಲು ಹೆಂಗಸರನ್ನು ನೇಮಿಸಿಕೊಂಡರು. ಅವರ ಹುದ್ದೆಯ ಹೆಸರೇ ಕಂಪ್ಯೂಟರ್. ಗಂಡಸರಿಗೆ ಕೊಡಬೇಕಾದ ಸಂಬಳಕ್ಕಿಂತ ಬಹಳ ಕಡಿಮೆಗೆ ಅವರು ಸಿಗುತ್ತಿದ್ದರು.

ಅವರಲ್ಲಿ ಹೆನ್ರಿಯೆಟ್ಟಾ ಲೆವಿಟ್ ಒಬ್ಬರು. ಗಂಟೆಗೆ 30 ಸೆಂಟ್ ಕೂಲಿ. ಅವರಿಗೂ ಕಿವಿ ಮಂದವಾಗಿತ್ತು. ಮೆಜೆಲಾನಿಕ್ ಮೋಡಗಳೆಂಬ ಎರಡು ನೆರೆ ಗೆಲಕ್ಸಿಗಳ ಫಲಕಗಳಲ್ಲಿ ಬದಲಾಗುವ ನಕ್ಷತ್ರಗಳನ್ನು ಹೆಕ್ಕುವುದು ಅವರ ಕೆಲಸ. ಪ್ರತಿ ಚುಕ್ಕಿಯನ್ನೂ ಅಳೆಯಲು ಕೂತರೆ ಒಂದು ಜನ್ಮ ಸಾಲದು. ಅದಕ್ಕೊಂದು ಉಪಾಯವಿತ್ತು. ಒಂದು ರಾತ್ರಿಯ ಫಲಕದಲ್ಲಿ ಆಕಾಶ ಬಿಳಿ, ನಕ್ಷತ್ರ ಕಪ್ಪು. ಅದರ ತಿರುವು ಪ್ರತಿ ತೆಗೆದರೆ ಆಕಾಶ ಕಪ್ಪು, ನಕ್ಷತ್ರ ಬಿಳಿ. ಈ ತಿರುವು ಪ್ರತಿಯನ್ನು ಇನ್ನೊಂದು ರಾತ್ರಿಯ ಮೂಲ ಫಲಕದ ಮೇಲೆ ಸರಿಯಾಗಿ ಕೂರಿಸಿದಾಗ, ಬದಲಾಗದ ನಕ್ಷತ್ರಗಳಲ್ಲಿ ಕಪ್ಪು ಬಿಳಿಯನ್ನು ಮುಚ್ಚಿ ಚುಕ್ಕಿ ಮರೆಯಾದಂತಾಗುತ್ತದೆ. ಬದಲಾದದ್ದು ಮಾತ್ರ ಹೊಂದಿಕೊಳ್ಳದೆ ಎದ್ದು ಕಾಣುತ್ತದೆ.

ಇಂದಿನ ಸಾಫ್ಟ್‌ವೇರ್ ಮಾಡುವ ಕೆಲಸದ ಮೂಲ ಆಲೋಚನೆ ಇಲ್ಲೇ ಇದೆ. ಕಣ್ಣಿಗೆ ಎಲ್ಲವನ್ನೂ ತೋರಿಸಬಾರದು. ತೋರಿಸಬೇಕಾದದ್ದು ಥಟ್ಟನೆ ಕಾಣುವಂತೆ ಮಾಡಬೇಕು. 1904ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಕಾರ್ಲ್ ಪುಲ್ಫ್ರಿಕ್ ರೂಪಿಸಿದ ಬ್ಲಿಂಕ್ ಕಂಪ್ಯಾರೇಟರ್ ಎಂಬ ಯಂತ್ರವೂ ಅದನ್ನೇ ಬೇರೆ ರೀತಿಯಲ್ಲಿ ಮಾಡಿತು. ಎರಡು ಫಲಕಗಳನ್ನು ಕ್ಷಣಕ್ಕೊಂದರಂತೆ ಅದಲುಬದಲು ಮಾಡಿ ತೋರಿಸಿದರೆ ಬದಲಾದ ಚುಕ್ಕಿ ಮಿಣುಕುತ್ತದೆ. 1930ರಲ್ಲಿ ಕ್ಲೈಡ್ ಟಾಂಬೊ ಪ್ಲೂಟೊವನ್ನು ಕಂಡದ್ದು ಇಂಥ ಯಂತ್ರದಲ್ಲಿ.

1908ರಲ್ಲಿ ಲೆವಿಟ್ ಮೆಜೆಲಾನಿಕ್ ಮೋಡಗಳ 1,777 ರೂಪವಿಕಾರಿಗಳ ಪಟ್ಟಿ ಪ್ರಕಟಿಸಿದರು. ಅವುಗಳಲ್ಲಿ 16ರ ಆವರ್ತನ ಕಾಲವನ್ನು ಲೆಕ್ಕಹಾಕಿದಾಗ, ಹೆಚ್ಚು ಬೆಳಗುವವಕ್ಕೆ ಹೆಚ್ಚು ದೀರ್ಘ ಆವರ್ತನ ಇರುವುದನ್ನು ಗಮನಿಸಿದರು. 1912ರಲ್ಲಿ ಅದನ್ನು 25 ನಕ್ಷತ್ರಗಳಿಗೆ ವಿಸ್ತರಿಸಿ ನಿಯಮವಾಗಿ ನಿಲ್ಲಿಸಿದರು. ಮಿಡಿತದ ಅವಧಿ ಗೊತ್ತಾದರೆ ನಕ್ಷತ್ರದ ನಿಜವಾದ ಪ್ರಕಾಶ ಗೊತ್ತಾಗುತ್ತದೆ. ಅದು ಗೊತ್ತಾದರೆ ದೂರ ಗೊತ್ತಾಗುತ್ತದೆ. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಇಂಥದೇ ನಕ್ಷತ್ರ ಕಂಡು, ಅದು ನಮ್ಮ ಕ್ಷೀರಪಥದ ಆಚೆಗಿರುವ ಇನ್ನೊಂದು ಗೆಲಕ್ಸಿ ಎಂದು ತೋರಿಸಿದ್ದು ಈ ನಿಯಮದ ಬಲದಿಂದ.

1912ರ ಆ ಪ್ರಕಟಣೆಯ ಕೆಳಗಿರುವ ಸಹಿ ಪಿಕರಿಂಗ್ ಅವರದು. ಇದನ್ನು ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂಬ ಮಾತು ಮೊದಲ ವಾಕ್ಯದಲ್ಲಿದೆ. 1921ರ ಡಿಸೆಂಬರಿನಲ್ಲಿ ಲೆವಿಟ್ ಕ್ಯಾನ್ಸರಿನಿಂದ ತೀರಿಕೊಂಡರು. ಅಷ್ಟರಲ್ಲಿ ಅವರು ಕಂಡುಹಿಡಿದ ರೂಪವಿಕಾರಿಗಳು ಸುಮಾರು 2,400. 1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ ಅವರನ್ನು ನೊಬೆಲ್‌ಗೆ ಸೂಚಿಸುವ ಮನಸ್ಸಿನಿಂದ ಕಾಗದ ಬರೆದಾಗ, ಅವರು ಇಲ್ಲವಾಗಿ ಮೂರು ವರ್ಷ ಕಳೆದಿತ್ತು.

ಯಂತ್ರಕ್ಕೆ ಕಲಿಸಿದ್ದು

1990ರ ದಶಕದಲ್ಲಿ ನಕ್ಷತ್ರ ಎಣಿಕೆಯ ಪ್ರಮಾಣವೇ ಬದಲಾಯಿತು. ಅದಕ್ಕೆ ಕಾರಣ ಪೋಲೆಂಡ್ ಮೂಲದ ಬೋಹ್ಡಾನ್ ಪಚಿನ್ಸ್ಕಿ 1986ರಲ್ಲಿ ಮುಂದಿಟ್ಟ ಸಲಹೆ. ಕಣ್ಣಿಗೆ ಕಾಣದ ಕಪ್ಪು ಕಾಯಗಳು ದೂರದ ನಕ್ಷತ್ರದ ಮುಂದೆ ಹಾದರೆ ಅವುಗಳ ಗುರುತ್ವ ಮಸೂರದಂತೆ ವರ್ತಿಸಿ ಆ ನಕ್ಷತ್ರ ಕೆಲಕಾಲ ಹೆಚ್ಚು ಬೆಳಗಬೇಕು. ಆದರೆ ಇದು ತೀರಾ ಅಪರೂಪ. ಆದ್ದರಿಂದ ಲಕ್ಷಾಂತರ ನಕ್ಷತ್ರಗಳನ್ನು ವರ್ಷಗಟ್ಟಲೆ ಕಾಯಬೇಕು. ಆಸ್ಟ್ರೇಲಿಯಾದಿಂದ ಮ್ಯಾಚೊ, ಚಿಲಿಯಿಂದ ಓಗಲ್ ಎಂಬ ಯೋಜನೆಗಳು ಕಾಯಲು ಕೂತವು. ಮ್ಯಾಚೊ 5.7 ವರ್ಷಗಳ ದತ್ತಾಂಶದಲ್ಲಿ 1.19 ಕೋಟಿ ನಕ್ಷತ್ರಗಳನ್ನು ಜಾಲಾಡಿದಾಗ ಸಿಕ್ಕ ಘಟನೆಗಳು 13ರಿಂದ 17.

ಹುಡುಕಿದ್ದು ಬೊಗಸೆಯಷ್ಟು ಸಿಕ್ಕರೆ, ಹುಡುಕದೆ ಸಿಕ್ಕ ರೂಪವಿಕಾರಿಗಳು ರಾಶಿ ರಾಶಿ. ಓಗಲ್‌ನ ಸಂಗ್ರಹದಲ್ಲಿ ಈಗ 10 ಲಕ್ಷಕ್ಕೂ ಹೆಚ್ಚಿವೆ.

ಇಷ್ಟನ್ನು ಮೊದಲು ಸೋಸುವುದು ಕಂಪ್ಯೂಟರ್. ಅದು ಸೋಸುವ ಬಗೆ ಹೀಗೆ. ಒಂದೇ ಬುಟ್ಟಾ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬರುವ ಸೀರೆಯನ್ನು ಮಡಿಸುವುದನ್ನು ನೆನೆಯಿರಿ. ಮಡಿಕೆಯ ಅಗಲ ಬುಟ್ಟಾಗಳ ಅಂತರಕ್ಕೆ ಸರಿಯಾಗಿದ್ದರೆ ಎಲ್ಲ ಬುಟ್ಟಾಗಳೂ ಒಂದರ ಮೇಲೊಂದು ಕೂರುತ್ತವೆ; ಸ್ವಲ್ಪ ತಪ್ಪಿದರೂ ಚದುರುತ್ತವೆ. ಕಾಂತಿರೇಖೆಯನ್ನೂ ಹಾಗೆಯೇ ಸಾವಿರಾರು ಬೇರೆ ಬೇರೆ ಅಗಲಗಳಲ್ಲಿ ಮಡಿಸಿ ನೋಡಬಹುದು. ಯಾವ ಅಗಲದಲ್ಲಿ ಚುಕ್ಕಿಗಳು ಅಚ್ಚುಕಟ್ಟಾಗಿ ಕೂರುತ್ತವೋ ಅದೇ ಆ ನಕ್ಷತ್ರದ ಆವರ್ತನ. 1976ರಲ್ಲಿ ಲಾಂಬ್, 1982ರಲ್ಲಿ ಸ್ಕಾರ್ಗಲ್ ಕೊಟ್ಟ ಗಣಿತ, ಬಿಟ್ಟು ಬಿಟ್ಟು ತೆಗೆದ ವೀಕ್ಷಣೆಗಳಲ್ಲೂ ಆವರ್ತನ ಹುಡುಕುವುದನ್ನು ಸಾಧ್ಯಮಾಡಿತು. ಮೋಡ ಕವಿದ ರಾತ್ರಿಗಳು ತೂತು ಬಿಟ್ಟ ದತ್ತಾಂಶಕ್ಕೆ ಇದು ವರವಾಯಿತು. 2002ರಲ್ಲಿ ಕೊವಾಚ್, ಝುಕರ್ ಮತ್ತು ಮಜೇ, ಗ್ರಹವೊಂದು ನಕ್ಷತ್ರದ ಮುಂದೆ ಹಾಯ್ದಾಗ ಬೀಳುವ ಪೆಟ್ಟಿಗೆಯಾಕಾರದ ತಗ್ಗನ್ನು ಹೆಕ್ಕುವ ವಿಧಾನ ಕೊಟ್ಟರು.

ಈ ಎಲ್ಲ ವಿಧಾನಗಳಿಗೆ ಒಂದು ಸಮಾನ ಗುಣವಿದೆ. ಏನು ಬೇಕೆಂದು ಮೊದಲೇ ಹೇಳಿರಬೇಕು. ಮರುಕಳಿಸುವುದು ಬೇಕೆಂದರೆ ಮರುಕಳಿಸುವುದೇ ಸಿಗುತ್ತದೆ. ಒಮ್ಮೆ ಬಂದು ಹೋದದ್ದು, ತಾಳ ತಪ್ಪಿ ಬಂದದ್ದು, ಯಾರೂ ಹೆಸರಿಡದ ಆಕಾರದ್ದು ಜರಡಿಯಲ್ಲಿ ಜಾರಿಹೋಗುತ್ತದೆ. ಓಗಲ್‌ನವರು ಗಣಿತದ ಸೋಸುವಿಕೆಯ ನಂತರ ರೇಖೆಗಳನ್ನು ಕಣ್ಣಾರೆ ಪರಿಶೀಲಿಸುವ ರೂಢಿಯನ್ನು ಬಿಡದಿದ್ದುದು ಸುಮ್ಮನೆ ಅಲ್ಲ.

ತಾಳ ತಪ್ಪಿದ ನಕ್ಷತ್ರ

2009ರ ಮಾರ್ಚಿನಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ರಾಜಹಂಸ ಮತ್ತು ವೀಣಾ ರಾಶಿಗಳ ನಡುವಿನ ಒಂದೇ ತುಂಡು ಆಕಾಶವನ್ನು ನಾಲ್ಕು ವರ್ಷ ರೆಪ್ಪೆ ಬಡಿಯದಂತೆ ನೋಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳು, ಅರ್ಧ ಗಂಟೆಗೊಂದು ಅಳತೆ. ಭೂಮಿಯಂಥ ಗ್ರಹಗಳನ್ನು ಹುಡುಕುವುದು ಗುರಿ. ಕೆಪ್ಲರಿನ ಗಣಕ ವ್ಯವಸ್ಥೆ ಒಂದು ತಗ್ಗನ್ನು ಗಂಭೀರವಾಗಿ ಪರಿಗಣಿಸಬೇಕಾದರೆ ಅದು ಕನಿಷ್ಠ ಮೂರು ಬಾರಿ, ಸಮಾನ ಅಂತರದಲ್ಲಿ ಬಂದಿರಬೇಕು.

2010ರ ಡಿಸೆಂಬರಿನಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪ್ಲಾನೆಟ್ ಹಂಟರ್ಸ್ ಎಂಬ ಯೋಜನೆ ಆರಂಭಿಸಿ ಕೆಪ್ಲರಿನ ರೇಖೆಗಳನ್ನು ಜನರ ಮುಂದಿಟ್ಟರು. ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಿ, ತಗ್ಗು ಕಂಡಲ್ಲಿ ಗುರುತು ಹಾಕಬಹುದು. ಕಂಪ್ಯೂಟರ್ ಇರುವಾಗ ಇದೇಕೆ ಎಂಬ ಪ್ರಶ್ನೆ ಸಹಜವಾಗಿತ್ತು. ಉತ್ತರ ಬೇಗನೇ ಬಂತು. 2012ರಲ್ಲಿ ಇಬ್ಬರು ಸ್ವಯಂಸೇವಕರ ಕಣ್ಣಿಗೆ ಬಿದ್ದ ಗ್ರಹ, ನಾಲ್ಕು ನಕ್ಷತ್ರಗಳ ಕುಟುಂಬವೊಂದರಲ್ಲಿ ಎರಡು ನಕ್ಷತ್ರಗಳನ್ನು ಸುತ್ತುತ್ತಿತ್ತು. ನಕ್ಷತ್ರ ಜೋಡಿಯೂ ಒಂದನ್ನೊಂದು ಸುತ್ತುತ್ತಿರುವುದರಿಂದ ಗ್ರಹದ ತಗ್ಗುಗಳು ಸಮಾನ ಅಂತರದಲ್ಲಿ ಬರುವುದಿಲ್ಲ.

ಅದಕ್ಕಿಂತ ದೊಡ್ಡ ಸೋಜಿಗ ಕೆಐಸಿ 8462852 ಎಂಬ ನಕ್ಷತ್ರ. 2011ರಲ್ಲೇ ಸ್ವಯಂಸೇವಕರು ಅದರ ರೇಖೆ ವಿಚಿತ್ರವಾಗಿದೆ ಎಂದು ಗುರುತಿಸಿದ್ದರು. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನ ಮುಂದೆ ಹಾದರೂ ಬೆಳಕು ಕುಗ್ಗುವುದು ಶೇ. 1ರಷ್ಟು. ಈ ನಕ್ಷತ್ರ 2011ರ ಮಾರ್ಚಿನಲ್ಲಿ ಸುಮಾರು ಶೇ. 15, 2013ರ ಆರಂಭದಲ್ಲಿ ಶೇ. 20ಕ್ಕೂ ಹೆಚ್ಚು ಕುಗ್ಗಿತು. ತಗ್ಗುಗಳಿಗೆ ತಾಳವಿಲ್ಲ, ಒಂದರಂತೆ ಇನ್ನೊಂದಿಲ್ಲ. ಯಂತ್ರ ಇದನ್ನು ಗ್ರಹವೆಂದು ಎತ್ತಿಕೊಡಲಿಲ್ಲ. ಅದು ಗ್ರಹವಾಗಿರಲೂ ಇಲ್ಲ. ತಬೆತಾ ಬೊಯಾಜಿಯನ್ 2015ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದಾಗ, ಅದನ್ನು ಕಂಡ ಸ್ವಯಂಸೇವಕರ ಹೆಸರುಗಳು ಸಹಲೇಖಕರ ಸಾಲಿನಲ್ಲಿದ್ದವು. ಅನ್ಯಗ್ರಹದವರು ಕಟ್ಟಿದ ರಚನೆಯಿರಬಹುದೇ ಎಂಬ ಊಹೆ ಪತ್ರಿಕೆಗಳಲ್ಲಿ ಹರಿದಾಡಿತು. ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ಕುಗ್ಗುತ್ತಿರುವುದನ್ನು 2018ರಲ್ಲಿ ತೋರಿಸಿದ ಮೇಲೆ, ಅಡ್ಡ ಬರುತ್ತಿರುವುದು ಗಟ್ಟಿ ಗೋಡೆಯಲ್ಲ, ನವಿರಾದ ದೂಳು ಎಂಬ ತೀರ್ಮಾನಕ್ಕೆ ಬರಲಾಯಿತು.

ಎಲ್‌ಸಿ ಟೂಲ್ಸ್ ಮತ್ತು ಐದು ತಿಂಗಳು

ಪ್ಲಾನೆಟ್ ಹಂಟರ್ಸ್‌ನಲ್ಲಿ ಪಳಗಿದ ಕೆಲವರಿಗೆ ಅಲ್ಲಿನ ವೇಗ ಸಾಲದಾಯಿತು. ಒಂದು ರೇಖೆಯ ಒಂದು ತುಂಡು ನೋಡಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಮುಂದಿನದಕ್ಕೆ ಕಾಯುವುದರ ಬದಲು, ಇಡೀ ದತ್ತಾಂಶವನ್ನು ತಮ್ಮ ಕಂಪ್ಯೂಟರಿಗೇ ಇಳಿಸಿಕೊಂಡು ನೋಡಬೇಕೆನಿಸಿತು. ಅವರೇ ಸೇರಿ ವಿಷುಯಲ್ ಸರ್ವೆ ಗ್ರೂಪ್ ಎಂಬ ಪುಟ್ಟ ತಂಡವಾಯಿತು. ಎಂಐಟಿಯ ಸಾಲ್ ರ‍್ಯಾಪಪೋರ್ಟ್, ಆಂಡ್ರ್ಯೂ ವಾಂಡರ್‌ಬರ್ಗ್ ಅವರಂಥ ವೃತ್ತಿಪರರು ಜೊತೆಗೂಡಿದರು. ತಂಡದ ಅಲನ್ ಶ್ಮಿಟ್ ಇದಕ್ಕೆಂದೇ ಎಲ್‌ಸಿ ಟೂಲ್ಸ್ ಎಂಬ ಸಾಫ್ಟ್‌ವೇರ್ ಬರೆದರು. ವಿಂಡೋಸ್ ಕಂಪ್ಯೂಟರಿನಲ್ಲಿ ಓಡುವ, ಉಚಿತವಾಗಿ ಸಿಗುವ ಸಾಧನ ಅದು.

ಅದು ಮಾಡುವ ಕೆಲಸಗಳನ್ನು ಪಟ್ಟಿ ಮಾಡಿದರೆ ದೊಡ್ಡದೇನೂ ಅನಿಸುವುದಿಲ್ಲ. ನಕ್ಷತ್ರಗಳ ಪಟ್ಟಿ ಕೊಟ್ಟರೆ ರೇಖೆಗಳನ್ನು ಸಗಟಾಗಿ ತಯಾರಿಸುತ್ತದೆ. ಒಂದಾದ ಮೇಲೊಂದು ತೋರಿಸುತ್ತದೆ. ಅನುಮಾನ ಬಂದಲ್ಲಿ ಹಿಗ್ಗಿಸಿ ನೋಡಬಹುದು, ಆವರ್ತನ ಊಹಿಸಿ ಮಡಿಸಿ ನೋಡಬಹುದು. ಗುರುತು ಹಾಕಿದರೆ ಸಮಯ, ಆಳ, ಅವಧಿ ದಾಖಲಾಗುತ್ತವೆ. ಈಗಾಗಲೇ ಗೊತ್ತಿರುವ ಗ್ರಹವಾದರೆ ಅದನ್ನೂ ತಿಳಿಸುತ್ತದೆ. ಕಂಡದ್ದನ್ನೇ ಮತ್ತೆ ಕಾಣುವ ಶ್ರಮ ಉಳಿಯುತ್ತದೆ.

ಇದರ ಬೆಲೆ ತಿಳಿಯಲು ಸಣ್ಣ ಲೆಕ್ಕ ಸಾಕು. ಒಂದು ಕೋಟಿ ರೇಖೆಗಳಿವೆ ಎನ್ನೋಣ. ಕಡತ ತೆರೆದು, ಗ್ರಾಫ್ ಮಾಡಿ, ನೋಡಿ ಮುಚ್ಚಲು ಒಂದೊಂದಕ್ಕೆ ಒಂದು ನಿಮಿಷ ಹಿಡಿದರೆ, ದಿನಕ್ಕೆ ಎಂಟು ಗಂಟೆ, ಒಂದು ದಿನವೂ ರಜೆಯಿಲ್ಲದೆ ದುಡಿದರೂ ಒಬ್ಬರಿಗೆ 57 ವರ್ಷ ಬೇಕು. ಅದೇ ಒಂದು ರೇಖೆಗೆ 5 ಸೆಕೆಂಡಾದರೆ ಐದು ವರ್ಷವೂ ಬೇಡ. ಒಂದು ಇಡೀ ಆಯುಷ್ಯಕ್ಕೂ ಐದು ವರ್ಷಕ್ಕೂ ನಡುವಿನ ವ್ಯತ್ಯಾಸವೆಲ್ಲ ಕಣ್ಣಿಗೂ ರೇಖೆಗೂ ಮಧ್ಯೆ ಇರುವ ತೊಡಕುಗಳದು. ಆ ತೊಡಕುಗಳನ್ನು ತೆಗೆಯುವುದೇ ಇಂಥ ಸಾಫ್ಟ್‌ವೇರಿನ ಜಾಣ್ಮೆ.

2017ರಲ್ಲಿ ತಂಡದ ಥಾಮಸ್ ಜೇಕಬ್ಸ್ ಕೆಪ್ಲರಿನ ಇಡೀ ಭಂಡಾರವನ್ನು, ಅಂದರೆ 2,01,250 ನಕ್ಷತ್ರಗಳ ರೇಖೆಗಳನ್ನು, ಐದು ತಿಂಗಳಲ್ಲಿ ಕಣ್ಣಾರೆ ನೋಡಿ ಮುಗಿಸಿದರು. ದಿನಕ್ಕೆ ಸರಾಸರಿ 1,300ಕ್ಕೂ ಹೆಚ್ಚು. ಬಳಸಿದ್ದು ಎಲ್‌ಸಿ ಟೂಲ್ಸ್. ಕೆಐಸಿ 3542116 ಎಂಬ ನಕ್ಷತ್ರದ ಬಳಿ ಅವರ ಕಣ್ಣು ನಿಂತಿತು. ಅಲ್ಲಿ ಮೂರು ತಗ್ಗುಗಳಿದ್ದವು. ಬೆಳಕು ಕುಗ್ಗಿದ್ದು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೆ ಆಕಾರ ಗ್ರಹದ್ದಲ್ಲ. ಗ್ರಹ ಹಾಯ್ದಾಗ ತಗ್ಗಿನ ಎರಡೂ ಬದಿ ಒಂದೇ ಥರ ಇರುತ್ತದೆ. ಇಲ್ಲಿ ಬೆಳಕು ಸರ್ರನೆ ಇಳಿದು, ನಿಧಾನವಾಗಿ ಏರುತ್ತಿತ್ತು. ಮುಂದೆ ತಲೆ, ಹಿಂದೆ ದೂಳಿನ ಉದ್ದ ಬಾಲ ಇರುವ ವಸ್ತು ಹಾಯ್ದರೆ ಹೀಗಾಗುತ್ತದೆ. ಅದು ಧೂಮಕೇತು. ಆಳವಾಗಿ ಹುಡುಕಿದಾಗ ಅದೇ ನಕ್ಷತ್ರದಲ್ಲಿ ಇನ್ನೂ ಮೂರು ಸಣ್ಣ ತಗ್ಗುಗಳು, ಬೇರೊಂದು ನಕ್ಷತ್ರದಲ್ಲಿ ಒಂದು ತಗ್ಗು ಸಿಕ್ಕವು. ಬೇರೆ ನಕ್ಷತ್ರದ ಧೂಮಕೇತುವಿನ ನೆರಳು ಹೀಗೆ ಕಾಂತಿರೇಖೆಯಲ್ಲಿ ಸಿಕ್ಕಿದ್ದು ಅದೇ ಮೊದಲು. ಯಂತ್ರಕ್ಕೆ ಈ ಆಕಾರವನ್ನು ಯಾರೂ ಅಲ್ಲಿಯವರೆಗೆ ಕಲಿಸಿರಲಿಲ್ಲ.

ರಾಶಿ ರಾಶಿ ನೋಡುವುದರಲ್ಲಿ ಇನ್ನೊಂದು ಲಾಭವಿದೆ. ಒಂದೇ ದಿನ ಹತ್ತಾರು ನಕ್ಷತ್ರಗಳಲ್ಲಿ ಒಂದೇ ಥರದ ತಗ್ಗು ಕಂಡರೆ, ಅದು ನಕ್ಷತ್ರದ್ದಲ್ಲ, ಉಪಗ್ರಹ ಅಲುಗಿದ್ದರ ಗುರುತು ಎಂದು ಪಳಗಿದ ಕಣ್ಣು ತಿಳಿಯುತ್ತದೆ. ಪಕ್ಕದ ನಕ್ಷತ್ರದ ಬೆಳಕು ಸೋರಿ ಬಂದದ್ದನ್ನೂ ಗುರುತಿಸುತ್ತದೆ. ಅಕ್ಕಿ ಆರಿಸುವವರಿಗೆ ಕಲ್ಲಿನ ಬಗೆಗಳು ಗೊತ್ತಿರುವ ಹಾಗೆ. ಕಣ್ಣಿಗೂ ಮಿತಿಯಿದೆ. ದಣಿದಾಗ ತಪ್ಪುತ್ತದೆ, ತೀರಾ ಆಳವಿಲ್ಲದ ತಗ್ಗು ಕಾಣುವುದಿಲ್ಲ. ನೂರು ಸಲ ಮರುಕಳಿಸುವ, ಗದ್ದಲದೊಳಗೆ ಹೂತುಹೋದ ಸಂಕೇತವನ್ನು ಮಡಿಸಿ ಮೇಲೆತ್ತುವುದರಲ್ಲಿ ಗಣಿತದ ಮುಂದೆ ಅದು ನಿಲ್ಲಲಾರದು.

2022ರಲ್ಲಿ ಈ ತಂಡ ತನ್ನ ಹತ್ತು ವರ್ಷದ ಚರಿತ್ರೆಯನ್ನು ತಾನೇ ಬರೆಯಿತು. ಅಷ್ಟರಲ್ಲಿ ಅವರು ನೋಡಿದ ರೇಖೆಗಳು ಸುಮಾರು ಒಂದು ಕೋಟಿ. ಪಾಲುಗೊಂಡ ಸಂಶೋಧನಾ ಪ್ರಬಂಧಗಳು 69. ಅವುಗಳಲ್ಲಿ ಎಚ್‌ಡಿ 139139 ಎಂಬ ನಕ್ಷತ್ರದ್ದೂ ಒಂದು. 87 ದಿನಗಳಲ್ಲಿ 28 ತಗ್ಗುಗಳು, ಬಹುಪಾಲು ಒಂದೇ ಆಳದವು, ಆದರೆ ಬಂದ ಹೊತ್ತಿಗೆ ಯಾವ ಕ್ರಮವೂ ಇಲ್ಲ.

ಜರಡಿ ಹಿಡಿದವರು

ಈಗ ಕಣ್ಣು ಮತ್ತು ಯಂತ್ರದ ನಡುವೆ ಒಂದು ಬಗೆಯ ಪಾಲುದಾರಿಕೆ ನಡೆದಿದೆ. 2018ರಲ್ಲಿ ಹಾರಿದ ಟೆಸ್ ಉಪಗ್ರಹ ಇಡೀ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ನೋಡುತ್ತಿದ್ದು, ಅದರ ಚಿತ್ರಗಳಿಂದ ಕೋಟಿಗಟ್ಟಲೆ ರೇಖೆಗಳು ಹೊರಡುತ್ತವೆ. ಮೊದಲು ನ್ಯೂರಲ್ ನೆಟ್‌ವರ್ಕ್ ಒಂದನ್ನೊಂದು ಮರೆಮಾಡುವ ನಕ್ಷತ್ರ ಜೋಡಿಗಳನ್ನು ಹೆಕ್ಕುತ್ತದೆ. ಆ ಗುಂಪನ್ನು ಮನುಷ್ಯರು ಒಂದೊಂದಾಗಿ ನೋಡುತ್ತಾರೆ. ಇದೇ ದಾರಿಯಲ್ಲಿ ಒಂದೇ ರೇಖೆಯಲ್ಲಿ ಎರಡು ತಾಳ ಬೆರೆತಿರುವ 97 ನಾಲ್ಕು ನಕ್ಷತ್ರಗಳ ಕುಟುಂಬಗಳ ಪಟ್ಟಿ 2022ರಲ್ಲಿ ಹೊರಬಂತು. ಯುರೋಪಿನ ಗಾಯಾ ಉಪಗ್ರಹ ಅದೇ ವರ್ಷ ಪ್ರಕಟಿಸಿದ ಸುಮಾರು 1.05 ಕೋಟಿ ರೂಪವಿಕಾರಿಗಳ ವರ್ಗೀಕರಣವಂತೂ ಬಹುಪಾಲು ಯಂತ್ರಕಲಿಕೆಯದು.

ಚಿಲಿಯ ವೇರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿತು. ಆಕಾಶದಲ್ಲಿ ಏನೋ ಬದಲಾಯಿತು ಎಂದು ಅದು ಕಳಿಸಬಹುದಾದ ಸೂಚನೆಗಳು ರಾತ್ರಿಗೆ ಒಂದು ಕೋಟಿಯವರೆಗೆ ಎಂಬುದು ಅಂದಾಜು. ಒಂದಕ್ಕೆ 5 ಸೆಕೆಂಡಿನಂತೆ ನಿದ್ದೆಗೆಟ್ಟು ನೋಡಿದರೂ ಒಂದು ರಾತ್ರಿಯ ಸೂಚನೆ ಮುಗಿಸಲು 19 ತಿಂಗಳು ಬೇಕು. ಇಲ್ಲಿ ಎಲ್ಲವನ್ನೂ ಕಣ್ಣಾರೆ ನೋಡುವ ಮಾತೇ ಇಲ್ಲ. ಜರಡಿ ಹಿಡಿಯುವ ಗಣಕ ವ್ಯವಸ್ಥೆಗಳು ಯಾವುದನ್ನು ಮೇಲಿಡುತ್ತವೋ ಅದಷ್ಟೇ ಕಣ್ಣಿಗೆ ಬೀಳುತ್ತದೆ. ಹಿಂದೆ ಪ್ರಶ್ನೆ ಇದ್ದದ್ದು ಯಾರು ನೋಡುತ್ತಾರೆ ಎಂಬುದು. ಈಗ ಜರಡಿಯ ಕಣ್ಣಿನ ಅಳತೆಯನ್ನು ಯಾರು ತೀರ್ಮಾನಿಸುತ್ತಾರೆ ಎಂಬುದು ಅಷ್ಟೇ ಮುಖ್ಯ. ಮುಂದಿನ ಧೂಮಕೇತುವಿನ ಆಕಾರ ಇಂದು ಯಾರ ಪಟ್ಟಿಯಲ್ಲೂ ಇಲ್ಲದೆ ಇರಬಹುದು. ಸೋಸಿ ಹೊರಗಿಟ್ಟ ರಾಶಿಯಿಂದ ಆಗಾಗ ಒಂದು ಹಿಡಿ ಎತ್ತಿ ಕಣ್ಣಾರೆ ನೋಡುವ ಅಭ್ಯಾಸ ಉಳಿಯದಿದ್ದರೆ, ಅದು ಅಲ್ಲೇ ಉಳಿದುಹೋಗುತ್ತದೆ. ಕೆಪ್ಲರ್ ಮತ್ತು ಟೆಸ್‌ನ ದತ್ತಾಂಶ ಎಲ್ಲರಿಗೂ ಮುಕ್ತವಾಗಿರುವುದರಿಂದ ಆ ಹಿಡಿ ಎತ್ತುವವರು ಪುಣೆಯಲ್ಲೋ ದಿಲ್ಲಿಯಲ್ಲೋ ಮನೆಯಲ್ಲೇ ಕೂತವರೂ ಆಗಿರಬಹುದು.

ಹಾರ್ವರ್ಡಿನ ಗಾಜಿನ ಫಲಕಗಳೂ ಈಗ ಕಂಪ್ಯೂಟರಿಗೆ ಬಂದಿವೆ. ಡ್ಯಾಶ್ ಎಂಬ ಯೋಜನೆ ಎರಡು ದಶಕ ಶ್ರಮಿಸಿ 4 ಲಕ್ಷಕ್ಕೂ ಹೆಚ್ಚು ಫಲಕಗಳ ಸ್ಕ್ಯಾನಿಂಗನ್ನು 2024ರಲ್ಲಿ ಮುಗಿಸಿತು. ಒಂದು ಶತಮಾನದ ಆಕಾಶ ಕಾಂತಿರೇಖೆಗಳಾಗಿ ಮಾರ್ಪಟ್ಟಿತು. ಆದರೆ ಸ್ಕ್ಯಾನ್ ಮಾಡುವ ಮುನ್ನ ಗಾಜನ್ನು ತೊಳೆಯಬೇಕಿತ್ತು. ಲೆವಿಟ್ ಮತ್ತು ಅವರ ಜೊತೆಗಾರ್ತಿಯರು ಗಾಜಿನ ಮೇಲೆ ಶಾಯಿಯಲ್ಲಿ ಬಾಣ, ಅಂಕಿ, ಸುತ್ತುಗೆರೆ ಹಾಕಿದ್ದರು. ಆ ಗುರುತುಗಳು ಇದ್ದರೆ ಕೆಳಗಿನ ನಕ್ಷತ್ರಗಳನ್ನು ಯಂತ್ರ ಅಳೆಯಲಾಗದು. ಹೀಗಾಗಿ ಪ್ರತಿ ಫಲಕವನ್ನೂ ಗುರುತುಗಳ ಸಮೇತ ಛಾಯಾಚಿತ್ರ ತೆಗೆದಿಟ್ಟುಕೊಂಡು, ಆಮೇಲೆ ಶಾಯಿಯನ್ನು ಒರೆಸಿದರು. ಇದು ಸರಿಯೇ ಎಂಬ ಆಕ್ಷೇಪವೂ ಎದ್ದಿತು. ಚಾರಿತ್ರಿಕ ಮಹತ್ವದ ಕೆಲವು ಫಲಕಗಳನ್ನು ತೊಳೆಯದೆ ಹಾಗೇ ಇಟ್ಟಿದ್ದಾರೆ. ಅವುಗಳ ಮೇಲೆ ಆ ಹೆಂಗಸರ ಕೈಬರಹ ಈಗಲೂ ಇದೆ.